ಕ್ಯಾಮೆರಾ ಅಲ್ಲಾಡಂಗಿಲ್ಲ, ಆದ್ರೂ ಎದಿ ಡವಡವ ಅಂತದ

ಪ್ರಶ್ನೆ: ಸರ್, 1913ರ ಫ್ರೆಂಚ್ ಮೂಕಿ ಸಿನಿಮಾ ‘ಫ್ಯಾಂಟೊಮಾಸ್’ ನೋಡಾಕ ಕುಂತಿದ್ದೆ. ಕ್ಯಾಮೆರಾ ಒಂದ ಕಡೆ ನಿಂತುಬಿಟ್ಟದ, ಕ್ಲೋಸಪ್ಪೂ ಅಷ್ಟಕ್ಕಷ್ಟ. ಇದು ನಾಟಕ ಶೂಟ್ ಮಾಡಿಟ್ಟಂಗ ಅಲ್ಲೇನ್ರಿ? ಜನ ಯಾಕ ಇಷ್ಟು ಹೊಗಳ್ತಾರ?
– ಒಬ್ಬ ಓದುಗ, ಬಾಗಲಕೋಟೆ

ಉತ್ತರ: ಇಲ್ರೀ, ನಾಟಕ ಅಲ್ಲ. ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡೇ ಇರ್ತೀರಿ, ಅಲ್ಲಿ ಪಾತ್ರ ಮಾಡೋರೆಲ್ಲಾ ಮುಂದ ಮೈಕಿನ ಕಡೆನ ಬರ್ತಾರ, ಕಡೀ ಸಾಲಿನವ್ರಿಗೂ ಕಾಣ್ಬೇಕು, ಕೇಳ್ಬೇಕು. ನಿರ್ದೇಶಕ ಲೂಯಿ ಫ್ಯೂಯಾಡ್ ಮಾಡಿದ್ದು ಇದಕ್ಕ ಉಲ್ಟಾ, ನೋಡೋ ಕಣ್ಣು ಅಂದ್ರ ಒಂದ ಲೆನ್ಸ್, ಹಿಂಗಾಗಿ ಹಿಂದಿನ ಬಾಗ್ಲು, ಪರದೆ ಎಲ್ಲಾ ಆಟಕ್ಕ ಬರ್ತಾವ, ಮುಂದಿನವ ಒಂದ್ ಹೆಜ್ಜಿ ಸರಿದ್ರ ಹಿಂದಿನವ ಕಾಣ್ತಾನ, ತಿರುಗಿ ಬಂದ್ರ ಮುಚ್ಚಿಹೋಗ್ತಾನ. ಕಟ್ ಮಾಡದನ ನಮ್ಮ ಕಣ್ಣು ಎಲ್ಲಿ ಹೋಗ್ಬೇಕು ಅಂತ ಅವರ ತೀರ್ಮಾನ ಮಾಡಿರ್ತಾರ.

ಇದು ವೇಷ ಬದಲಿಸೋ ಕಳ್ಳ ಫ್ಯಾಂಟೊಮಾಸ್‌ನ ಕಥಿ, ಒಟ್ಟು ಐದು ಭಾಗ. ಮೊದಲ ಭಾಗದ ಹೋಟೆಲ್ ರೂಮಿನ ಸೀನ್ ಇನ್ನೊಮ್ಮೆ ನೋಡ್ರಿ. ರಾಜಕುಮಾರಿ ಒಬ್ಬಾಕಿನ ಇದ್ದಾಳ, ಪರದೆ ಹಿಂದಿಂದ ಠಾಕಠೀಕ ಸೂಟ್ ಹಾಕ್ಕೊಂಡ ಮನುಷ್ಯ ಬರ್ತಾನ, ಒದರಾಟ ಇಲ್ಲ ಹೊಡದಾಟ ಇಲ್ಲ, ರೊಕ್ಕ ಒಡವಿ ತಗೊಂಡು ಕೈಯಾಗ ಒಂದು ಕಾರ್ಡ್ ಕೊಟ್ಟು ಹೋಗ್ತಾನ. ಕಾರ್ಡ್ ಖಾಲಿ! ಅವ ಹೋದ ಮ್ಯಾಲೆ ಅದರ ಮ್ಯಾಗ ಮೆಲ್ಲಕ ‘ಫ್ಯಾಂಟೊಮಾಸ್’ ಅಂತ ಹೆಸರು ಮೂಡ್ತದ. ನೀವು ಕೇಳೋ ಕ್ಲೋಸಪ್ ಬರೋದು ಇಲ್ಲಿ, ಬೇಕಾದ ಜಾಗಕ್ಕ ಮಾತ್ರ. ಆಮೇಲೆ ಅವ ಲಿಫ್ಟಿನವನ ಯೂನಿಫಾರ್ಮ್ ಹಾಕ್ಕೊಂಡು ಎಲ್ಲಾರ ಮುಂದನ ಹೊರಗ ನಡೀತಾನ.

ಇನ್ನೊಂದು ಭಾಳ ದೊಡ್ಡ ಮಾತು ಅಂದ್ರ, ಕಳ್ಳ ಯಾರು ಅನ್ನೋದನ್ನ ಫ್ಯೂಯಾಡ್ ಮುಚ್ಚಿಡಂಗಿಲ್ಲ. ಸಿನಿಮಾ ಶುರುವಾಗೋದ್ರಾಗ ನಟ ರೆನೆ ನವಾರ್ ಅವರ ಮುಖ ಒಂದೊಂದ ವೇಷಕ್ಕ ಕರಗ್ತಾ ಹೋಗ್ತದ, ಹಿಂಗಾಗಿ ಅವನ ಬೆನ್ನು ಹತ್ತಿದ ಇನ್ಸ್‌ಪೆಕ್ಟರ್ ಜೂವ್‌ಗೆ ಗೊತ್ತಿಲ್ಲದ್ದು ನಮಗ ಗೊತ್ತಿರ್ತದ, ಇವ ಯಾವಾಗ ಗುರುತು ಹಿಡೀತಾನಪ್ಪಾ ಅನ್ನೋ ತಳಮಳನ ಐದೂ ಭಾಗ ಎಳಕೊಂಡು ಹೋಗ್ತದ.

ಎರಡನೇ ಭಾಗ ಬಿಡಬ್ಯಾಡ್ರಿ. ಪ್ಯಾರಿಸ್ಸಿನ ಬೆರ್ಸಿ ಅನ್ನೋ ಕಡೆ ವೈನ್ ಪೀಪಾಯಿಗಳ ನಡುವ ಗುಂಡಿನ ಕಾಳಗ ಅದ, ಖರೇ ಜಾಗದಾಗ ತಗದದ್ದು, ಅದಕ್ಕ ಅಷ್ಟು ನಂಬಿಕಿ ಬರ್ತದ. ಕಡೀಕ ಬಂಗ್ಲೆ ಸ್ಫೋಟ ಆಗಿ ಜೂವ್ ಸತ್ತನೋ ಉಳದನೋ ಹೇಳದನ ಸಿನಿಮಾ ಮುಗಿಸಿಬಿಡ್ತಾರ! ಆದ್ರ ಫೋನಿನ್ಯಾಗ ಮಾತ್ರ ನೋಡಬ್ಯಾಡ್ರಿ, ಮೂಲ್ಯಾಗಿನ ಬಾಗ್ಲು ಕಾಣಂಗಿಲ್ಲ.

ಪ್ರಶ್ನೆ: ಫ್ಯೂಯಾಡ್ ಅವರದ್ದ ‘ವ್ಯಾಂಪೈರ್ಸ್’ ದೆವ್ವದ ಸಿನಿಮಾ ಏನ್ರಿ?
– ವಿಜಯಪುರದ ಓದುಗರು

ಉತ್ತರ: ಅಲ್ರೀ, ಅದು ಕಳ್ಳರ ಗ್ಯಾಂಗಿನ ಹೆಸರು. 1915-16ರಾಗ ಬಂದ 10 ಕಂತು, ಬೆನ್ನು ಹತ್ತಾವ ಒಬ್ಬ ಪತ್ರಕರ್ತ. ಕರೇ ಬಟ್ಟಿ ಮೈಗೆ ಅಂಟಿಸ್ಕೊಂಡಂಗ ಹಾಕ್ಕೊಂಡು ಓಡಾಡೋ ನಟಿ ಮ್ಯೂಸಿಡೋರಾನ ನೋಡಿದ ಮ್ಯಾಲೆ ಮರಿಯೂದು ಕಷ್ಟ. ಕಳ್ಳರನ್ನ ಹೀರೋ ಮಾಡ್ತೀರಿ ಅಂತ ತಕರಾರು ಬಂತು, ಅದಕ್ಕ ಫ್ಯೂಯಾಡ್ ಮುಂದ ‘ಜೂಡೆಕ್ಸ್’ ಅನ್ನೋ ಸಿನಿಮಾದಾಗ ನ್ಯಾಯದ ಪರ ನಿಲ್ಲೋ ಹೀರೋನ ತಂದ್ರು. ನನಗ ಕೇಳಿದ್ರ, ವ್ಯಾಂಪೈರ್ಸ್‌ನ ಮೊದಲು ನೋಡ್ರಿ.