ಅಡಿಕೆ ಬಿಲ್ಲಿನ ಪೈಸೆ, ದೋಣಿಯ ಮೀಟರು: ಫ್ಲೋಟ್ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ಅಡಿಕೆ ಮಂಡಿಯೊಂದಕ್ಕೆ ಜಾವಾದಲ್ಲಿ ಬಿಲ್ಲಿನ ಪ್ರೋಗ್ರಾಂ ಬರೆದಿದ್ದೇನೆ. 8.473 ಕ್ವಿಂಟಲ್ ರಾಶಿ ಅಡಿಕೆ, ದರ ಕ್ವಿಂಟಲ್ಲಿಗೆ 47,899 ರೂಪಾಯಿ. ಕ್ಯಾಲ್ಕುಲೇಟರಿನಲ್ಲಿ 4,05,848.23 ಬರುತ್ತದೆ, ಪ್ರೋಗ್ರಾಂ 4,05,848.22 ತೋರಿಸುತ್ತದೆ. ದಿನದ ಒಟ್ಟು ಮೊತ್ತದಲ್ಲಂತೂ ರೂಪಾಯಿಗಳೇ ಹೆಚ್ಚುಕಡಿಮೆಯಾಗುತ್ತವೆ. ಎಲ್ಲ ಕಡೆಯೂ ಫ್ಲೋಟ್ (ದಶಮಾಂಶ ಸಂಖ್ಯೆ ಇಡುವ ಮಾದರಿ) ಬಳಸಿದ್ದೇನೆ. ಅದರ ಎರಡರಷ್ಟು ಜಾಗದ ಡಬಲ್ ಮಾಡಿದರೆ ಸಾಕೇ? (ಶಿರಸಿಯ ಓದುಗರು)

ಉತ್ತರ: ಹಣಕ್ಕೆ ಫ್ಲೋಟ್ ಬೇಡವೇ ಬೇಡ. ಡಬಲ್‌ನಿಂದ ಈ ಬಿಲ್ಲು ಸರಿಯಾಗುತ್ತದೆ, ಆದರೆ ತೊಂದರೆ ಪೂರ್ತಿ ಹೋಗುವುದಿಲ್ಲ.

ಇಂದಿನ ಬಹುತೇಕ ಕಂಪ್ಯೂಟರ್‌ಗಳು ಅನುಸರಿಸುವ ಐಇಇಇ 754 ಮಾನಕ 1985ರದು. ಅದರ ಪ್ರಕಾರ ಫ್ಲೋಟ್‌ಗೆ 32 ಬಿಟ್: ಚಿಹ್ನೆಗೆ 1, ಘಾತಕ್ಕೆ 8, ಅಂಕಿಗಳಿಗೆ 23. ಲೆಕ್ಕಕ್ಕೆ ಸಿಗುವುದು ಸುಮಾರು 7 ದಶಮಾಂಶ ಅಂಕಿ. ದಶಮಾಂಶ ಬಿಂದುವಿನ ನಂತರ 7 ಎಂದು ಎಷ್ಟೋ ಜನ ತಿಳಿದಿರುತ್ತಾರೆ, ಅದು ತಪ್ಪು. ಬಿಂದುವಿನ ಎಡಬಲ ಎರಡೂ ಸೇರಿ ಅಷ್ಟೇ. ರೂಪಾಯಿಗೆ ಆರು ಅಂಕಿ ಖರ್ಚಾದರೆ ಪೈಸೆಗೆ ಉಳಿಯುವುದು ಒಂದೇ.

ನಿಮ್ಮ ಬಿಲ್ಲನ್ನೇ ನೋಡೋಣ. ಫ್ಲೋಟ್‌ನಲ್ಲಿ 2,62,144ರಿಂದ 5,24,288ರವರೆಗೆ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 0.03125, ಅಂದರೆ ಮೂರು ಪೈಸೆಗೂ ಹೆಚ್ಚು. ನಿಜವಾದ ಗುಣಲಬ್ಧ 4,05,848.227. ಇತ್ತ 8.473 ಕೂಡ ಫ್ಲೋಟ್‌ಗೆ ಇಳಿಯುವಾಗ ಒಂದು ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. ದರದಿಂದ ಗುಣಿಸಿದಾಗ ಆ ಕೊರತೆ ಎರಡು ಪೈಸೆಯಾಗುತ್ತದೆ. ಕೊನೆಗೆ ಉತ್ತರ 4,05,848.21875ರಲ್ಲಿ ಕೂರುತ್ತದೆ, ಪರದೆಯ ಮೇಲೆ 22 ಪೈಸೆ ಕಾಣುತ್ತದೆ.

ಒಟ್ಟು ಮೊತ್ತದ್ದು ಇನ್ನೂ ಕಷ್ಟ. 41,94,304 ದಾಟಿದ ಮೇಲೆ ಅಂತರ 50 ಪೈಸೆ, 83,88,608 ದಾಟಿದರೆ ಒಂದು ರೂಪಾಯಿ. 1,67,77,216ರಿಂದ ಮುಂದೆ ಅಂತರ ಎರಡು ರೂಪಾಯಿ. ಆ ಸಂಖ್ಯೆಗೆ 1 ಕೂಡಿಸಿದರೂ ಅದು ಅಲ್ಲೇ ಇರುತ್ತದೆ. ಟೆಂಡರ್ ಜೋರಾಗಿ ನಡೆದ ದಿನ ಒಂದೊಂದು ಬಿಲ್ಲು ಕೂಡಿಸುವಾಗಲೂ ಚಿಲ್ಲರೆ ಸವೆಯುತ್ತಾ ಹೋಗುತ್ತದೆ.

ಡಬಲ್‌ಗೆ 64 ಬಿಟ್, ಸುಮಾರು 15 ಅಂಕಿ. ಲಕ್ಷ, ಕೋಟಿಗಳಲ್ಲಿ ಪೈಸೆ ಕಳೆಯುವುದಿಲ್ಲ. ಆದರೂ 0.1ರಂಥ ದಶಮಾಂಶ ಕಂಪ್ಯೂಟರಿನ ದ್ವಿಮಾನದಲ್ಲಿ (0, 1 ಮಾತ್ರ ಇರುವ ಲೆಕ್ಕದಲ್ಲಿ) ಎಂದೂ ಪೂರ್ತಿ ಕೂರುವುದಿಲ್ಲ. ಡಬಲ್‌ನಲ್ಲಿ 2.675 ಎಂದು ಬರೆದರೆ ಒಳಗೆ ಇರುವುದು 2.67499999999999982…, ಎರಡು ಅಂಕಿಗೆ ಸುತ್ತಿಸಿದರೆ ಪೈಥಾನ್ 2.67 ಕೊಡುತ್ತದೆ. ಕಮಿಷನ್ ಲೆಕ್ಕ ಸರಿಯಾಗಿ ಅರ್ಧ ಪೈಸೆಗೆ ಬಂದು ನಿಂತಾಗಲೆಲ್ಲ ಈ ಅಪಾಯ ಇದ್ದೇ ಇದೆ.

ಆದ್ದರಿಂದ ತೂಕವನ್ನು ಗ್ರಾಂನಲ್ಲಿ, ದರವನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕವಾಗಿ ಇಡಿ. 8,47,300 ಗ್ರಾಂ × 47,89,900 ಪೈಸೆ. ಒಂದು ಕ್ವಿಂಟಲ್ ಅಂದರೆ 1,00,000 ಗ್ರಾಂ, ಹಾಗಾಗಿ ಗುಣಲಬ್ಧಕ್ಕೆ ಮೊದಲು (ಹತ್ತಿರದ ಪೈಸೆಗೆ ಸುತ್ತಿಸಲು) 50,000 ಕೂಡಿಸಿ, ಆಮೇಲೆ 1,00,000ದಿಂದ ಭಾಗಿಸಿ. 4,05,84,823 ಪೈಸೆ ಬರುತ್ತದೆ, ಸರಿಯಾದ ಮೊತ್ತ. ಇಲ್ಲೊಂದು ಎಚ್ಚರಿಕೆ: ಆ ಗುಣಲಬ್ಧ ಜಾವಾದ ಸಾಮಾನ್ಯ ಪೂರ್ಣಾಂಕ ಮಾದರಿಯಾದ ಇಂಟ್‌ನ 214 ಕೋಟಿಯ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ, ಜಾವಾ ಯಾವ ದೋಷವನ್ನೂ ತೋರಿಸದೆ ಕಸದ ಸಂಖ್ಯೆ ಕೊಡುತ್ತದೆ. ಗುಣಿಸುವ ಮೊದಲೇ ಎರಡನ್ನೂ ಲಾಂಗ್ (ದೊಡ್ಡ ಪೂರ್ಣಾಂಕದ ಮಾದರಿ) ಮಾಡಿ. ದಶಮಾಂಶವನ್ನು ಇದ್ದಂತೆಯೇ ಇಡುವ ಜಾವಾದ ಬಿಗ್‌ಡೆಸಿಮಲ್ ಬಳಸುವುದಾದರೆ ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ "8.473" ಕೊಡಿ, ಬರೀ ಸಂಖ್ಯೆ ಕೊಟ್ಟರೆ ಡಬಲ್‌ನ ತಪ್ಪು ಹಾಗೇ ಒಳಗೆ ಹೋಗುತ್ತದೆ. ಡೇಟಾಬೇಸಿನಲ್ಲಿ ಮೊತ್ತದ ಕಾಲಂಗೆ ಡೆಸಿಮಲ್ ಮಾದರಿ ಇರಲಿ.

ಹಳೆಯ ದಾಖಲೆಗಳ ಮೊತ್ತದ ಕಾಲಂ ಮಾದರಿ ಬದಲಿಸಿದ ಮಾತ್ರಕ್ಕೆ ಹೋದ ಪೈಸೆ ಮರಳುವುದಿಲ್ಲ. ಆದರೆ ತೂಕ, ದರ ಎರಡೂ ಆರು ಅಂಕಿಯೊಳಗಿದ್ದರೆ ಅವು ಫ್ಲೋಟ್‌ನಲ್ಲೂ ಉಳಿದಿರುತ್ತವೆ: ತೂಕವನ್ನು ಮೂರು ದಶಮಾಂಶಕ್ಕೆ ಸುತ್ತಿಸಿ ಹೊಸದಾಗಿ ಗುಣಿಸಬಹುದು. ಬೆಳೆಗಾರರಿಗೆ ಈಗಾಗಲೇ ಪಾವತಿಯಾದ ಬಿಲ್ಲಿನ ಮೊತ್ತವನ್ನು ಮಾತ್ರ ತಿದ್ದಬೇಡಿ. ವ್ಯತ್ಯಾಸವನ್ನು ಬೇರೆಯೇ ಕಾಲಂನಲ್ಲಿ ತೋರಿಸುವುದು ಲೆಕ್ಕಪತ್ರಕ್ಕೆ ಒಳ್ಳೆಯದು.

ಪ್ರಶ್ನೆ: ಬೈತಖೋಲ ಬಂದರಿನ ದೋಣಿಗಳ ಜಾಡು ಹಿಡಿಯುವ ಕಾಲೇಜು ಪ್ರಾಜೆಕ್ಟ್, ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ. ಹತ್ತಿರದ ಎರಡು ದೋಣಿಗಳ ನಡುವಿನ ದೂರ ಒಮ್ಮೆ ಸೊನ್ನೆ, ಒಮ್ಮೆ ಎರಡು ಕಿಲೋಮೀಟರ್ ಎಂದು ಬರುತ್ತದೆ. ಡಬಲ್ ಮಾಡಿದರೂ ಅದೇ ಗತಿ. (ಕಾರವಾರದ ಓದುಗರು)

ಉತ್ತರ: ಊನೋದಲ್ಲಿ ಡಬಲ್ ಎಂದು ಬರೆದರೂ ಸಿಗುವುದು ನಾಲ್ಕು ಬೈಟಿನ ಫ್ಲೋಟೇ. ಅದಕ್ಕೇ ಏನೂ ಬದಲಾಗಲಿಲ್ಲ.

ಎರಡು ಕಿಲೋಮೀಟರಿನ ಜಿಗಿತಕ್ಕೆ ಕಾರಣ ಬಹುಶಃ ನಿಮ್ಮ ಸೂತ್ರ. ಕೊಸೈನ್ ಸೂತ್ರ ಹಾಕಿ ಕೊನೆಯಲ್ಲಿ ವಿಲೋಮ ಕೊಸೈನ್ ತೆಗೆಯುತ್ತಿದ್ದರೆ, ಹತ್ತಿರದ ಬಿಂದುಗಳಿಗೆ ಅದರೊಳಗಿನ ಬೆಲೆ 1ಕ್ಕೆ ತೀರ ಸಮೀಪ ಬರುತ್ತದೆ. ಫ್ಲೋಟ್‌ನಲ್ಲಿ 1ಕ್ಕಿಂತ ಕೆಳಗಿನ ಮೊದಲ ಸಂಖ್ಯೆ 0.99999994. ಅದರ ವಿಲೋಮ ಕೊಸೈನನ್ನು ಭೂಮಿಯ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿದರೆ 2.2 ಕಿ.ಮೀ. ಸೊನ್ನೆಗೂ 2.2ಕ್ಕೂ ನಡುವೆ ಯಾವ ಉತ್ತರವೂ ಬರಲು ಸಾಧ್ಯವಿಲ್ಲ. ಹತ್ತಿರದ ಬಿಂದುಗಳಲ್ಲೂ ಹೀಗೆ ಕೈಕೊಡದ ಹ್ಯಾವರ್ಸೈನ್ ಎಂಬ ದೂರದ ಸೂತ್ರಕ್ಕೆ ಬದಲಿಸಿ.

ಅಷ್ಟು ಮಾಡಿದರೂ ಇನ್ನೊಂದು ತೊಡಕಿದೆ. ಕಾರವಾರದ ರೇಖಾಂಶ ಸುಮಾರು 74 ಡಿಗ್ರಿ. 64ರಿಂದ 128ರವರೆಗೆ ಫ್ಲೋಟ್‌ನ ಮೆಟ್ಟಿಲು (ಪಕ್ಕಪಕ್ಕದ ಸಂಖ್ಯೆಗಳ ಅಂತರ) 0.0000076 ಡಿಗ್ರಿ, ನಮ್ಮ ಕರಾವಳಿಯಲ್ಲಿ ಪೂರ್ವ-ಪಶ್ಚಿಮವಾಗಿ 80 ಸೆಂ.ಮೀ. ಅಕ್ಷಾಂಶ 16ರೊಳಗೇ ಇರುವುದರಿಂದ ಉತ್ತರ-ದಕ್ಷಿಣದಲ್ಲಿ 10 ಸೆಂ.ಮೀ. ಮಾತ್ರ. ಜಿಪಿಎಸ್‌ನ ಸ್ವಂತ ತಪ್ಪೇ ಕೆಲವು ಮೀಟರ್ ಇರುವಾಗ ನಕ್ಷೆಗೆ ಇದು ಬಾಧಕವಲ್ಲ. ಆದರೆ ಸೆಕೆಂಡಿಗೊಮ್ಮೆ ಸ್ಥಾನ ಓದಿ ವೇಗ ಲೆಕ್ಕ ಹಾಕುವವರಿಗೆ 80 ಸೆಂ.ಮೀ. ಅಂದರೆ ದೋಣಿಯ ವೇಗದ ಅಳತೆಯಲ್ಲಿ ಸುಮಾರು ಒಂದೂವರೆ ನಾಟ್. ಲಂಗರು ಹಾಕಿದ ದೋಣಿಯೂ ಹೊರಟಂತೆ ಕಾಣುತ್ತದೆ.

ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ 32 ಬಿಟ್ ಪೂರ್ಣಾಂಕವಾಗಿ ಇಡಿ. 180 ಡಿಗ್ರಿಗೆ 180 ಕೋಟಿ, 214 ಕೋಟಿಯ ಮಿತಿಯೊಳಗೆ ಸಲೀಸಾಗಿ ಕೂರುತ್ತದೆ, ನಿಖರತೆ ಸುಮಾರು ಒಂದು ಸೆಂ.ಮೀ. ಊನೋದ ಇಂಟ್ 16 ಬಿಟ್ಟಿನದು. ಇಲ್ಲಿ ಲಾಂಗ್ ಬೇಕು. ಜಿಪಿಎಸ್ ಮಾಡ್ಯೂಲ್ 7408.1234 ಎಂದು ಡಿಗ್ರಿ-ಮಿನಿಟು ಕೂಡಿಸಿ ಕಳಿಸಿದರೆ ಅದನ್ನು ಫ್ಲೋಟ್‌ಗೆ ತಿರುಗಿಸಬೇಡಿ. ಪಠ್ಯವಾಗಿರುವಾಗಲೇ 74, 08, 1234 ಎಂದು ಒಡೆದು, ಪೂರ್ಣಾಂಕದಲ್ಲೇ ಮಿನಿಟಿನ ಭಾಗವನ್ನು 60ರಿಂದ ಭಾಗಿಸಿ. ದೂರಕ್ಕೂ ಮೊದಲು ಪೂರ್ಣಾಂಕಗಳನ್ನೇ ಕಳೆದು, ಬಂದ ವ್ಯತ್ಯಾಸವನ್ನು ಮಾತ್ರ ಫ್ಲೋಟ್ ಮಾಡಿ.

ಪ್ರಶ್ನೆ: ಪೈಥಾನ್‌ನಲ್ಲಿ 0.1 + 0.2 ಮತ್ತು 0.3 ಸಮ ಅಲ್ಲವೆಂದು ಬರುತ್ತದೆ. ಹೋಲಿಸುವುದು ಹೇಗೆ? (ಕುಮಟಾದ ಓದುಗರು)

ಉತ್ತರ: ಮೊತ್ತ 0.30000000000000004 ಆಗಿರುತ್ತದೆ, ಆದ್ದರಿಂದ ಸಮ ಚಿಹ್ನೆಯ ಹೋಲಿಕೆ ಸೋಲುತ್ತದೆ. ಮ್ಯಾಥ್ ಮಾಡ್ಯೂಲಿನ ಈಸ್‌ಕ್ಲೋಸ್ ಬಳಸಿ. ಅದು ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಆದರೆ ಸೊನ್ನೆಯ ಜೊತೆ ಹೋಲಿಸುವಾಗ ಆ ಭಾಗ ಎಷ್ಟೇ ಆದರೂ ಸಾಲದು. ಅಲ್ಲಿ ನಿಮ್ಮ ಲೆಕ್ಕಕ್ಕೆ ಹೊಂದುವ ಸ್ಥಿರ ಮಿತಿಯೊಂದನ್ನು ನೀವೇ ಕೊಡಬೇಕು.