ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜರ ಬಗ್ಗೆ ಇಂಗ್ಲಿಷ್, ಲ್ಯಾಟಿನ್ ಎರಡನ್ನೂ ಬೆರೆಸಿ ಪದ್ಯ ಬರೆಯುತ್ತಿದ್ದುದು ಯಾಕೆ?

ಬರೆಯುತ್ತಿದ್ದವರು ಹೆಚ್ಚಾಗಿ ಮಠದ ಸನ್ಯಾಸಿಗಳು, ಪಾದ್ರಿಗಳು. ಓದು, ಪೂಜೆ ಲ್ಯಾಟಿನ್‌ನಲ್ಲಿ, ಆಡುಮಾತು ಇಂಗ್ಲಿಷ್. ಎರಡೂ ನಾಲಗೆ ತುದಿಯಲ್ಲೇ ಇದ್ದವು, ಬೆರೆಸಿದರು.

1381ರ ರೈತರ ದಂಗೆಯ ಪದ್ಯವೊಂದನ್ನು ನೋಡಿ. ಹದಿನೈದು ದಾಟಿದವರ ಮೇಲೆ ತಲೆಗೆ 12 ಪೆನ್ಸ್ ಲೆಕ್ಕದಲ್ಲಿ ತೆರಿಗೆ ಹಾಕಿದ್ದರು, ಜನ ಸಿಡಿದೆದ್ದರು. ಪದ್ಯದ ಒಂದು ಸಾಲು: 'ದ ಕಿಂಗ್ ದೇರಾಫ್ ಹ್ಯಾಡ್ ಸ್ಮಾಲ್, ಫುಯಿತ್ ಇನ್ ಮಾನಿಬುಸ್ ಕುಪಿದೋರುಮ್'. ಅಂದರೆ, ಅದರಲ್ಲಿ ರಾಜನಿಗೆ ಸಿಕ್ಕಿದ್ದು ಅಷ್ಟಿಷ್ಟು, ಉಳಿದದ್ದು ದುರಾಸೆಯವರ ಪಾಲು. ಇಂಗ್ಲಿಷ್ ಅರ್ಧಗಳು 'ಆಲ್', 'ಸ್ಮಾಲ್', 'ಫಾಲ್' ಎಂದು ಪ್ರಾಸ ಹಿಡಿದರೆ ಲ್ಯಾಟಿನ್ ಅರ್ಧಗಳು 'ವಾಲಿದೋರುಮ್', 'ಕುಪಿದೋರುಮ್', 'ಮಾಲೋರುಮ್' ಎಂದು ಮುಗಿಯುತ್ತವೆ. ಇಂಗ್ಲಿಷ್ ದೂರು ಹೇಳುತ್ತದೆ, ಲ್ಯಾಟಿನ್ ತೀರ್ಪು ಕೊಡುತ್ತದೆ. ನನಗೆ ಹಾಗೆ ಕೇಳಿಸುತ್ತದೆ. ಆಗ ಎರಡನೇ ರಿಚರ್ಡನಿಗೆ 14 ವರ್ಷ. ತಪ್ಪೆಲ್ಲ ಸುತ್ತಲಿನವರದು, ಹುಡುಗ ರಾಜ ಬಚಾವ್!

ಚರಿತ್ರೆಯ ಹೊತ್ತಗೆಗಳಲ್ಲಿ ಬೆರಕೆ ಬೇರೆ ಥರ. ಈಲಿ ಮಠದವರು 12ನೇ ಶತಮಾನದಲ್ಲಿ ಲ್ಯಾಟಿನ್‌ನಲ್ಲಿ ಬರೆದ ಇತಿಹಾಸದಲ್ಲಿ ಕನೂಟ್ ದೊರೆಯ (ಇಂಗ್ಲೆಂಡಿನಲ್ಲಿ ಆಳ್ವಿಕೆ 1016–1035) ಪ್ರಸಂಗವಿದೆ. ದೋಣಿಯಲ್ಲಿ ಬರುವಾಗ ಸನ್ಯಾಸಿಗಳ ಗಾಯನ ಕೇಳಿ, 'ದಡದ ಹತ್ತಿರಕ್ಕೆ ಹುಟ್ಟು ಹಾಕಿ' ಎಂದು ಅವನು ಹಾಡು ಕಟ್ಟಿದನಂತೆ. ಆ ಹಾಡನ್ನು ಮಾತ್ರ ಇಂಗ್ಲಿಷಿನಲ್ಲೇ ಉಳಿಸಿ, ಕೆಳಗೆ ಲ್ಯಾಟಿನ್ ಅರ್ಥ ಕೊಟ್ಟಿದ್ದಾರೆ. ಹಾಡು ಜನರ ಬಾಯಲ್ಲಿತ್ತಲ್ಲ, ಮಾತು ಬದಲಿಸಿದರೆ ಯಾರೂ ಗುರುತು ಹಿಡಿಯುತ್ತಿರಲಿಲ್ಲ.