ಜರ್ಮನಿಯ ಬಾಡಿಗೆ ಮನೆಯಲ್ಲಿ ಓವನ್ ಕೂರಿಸುವ ಮುನ್ನ

ನಮಸ್ಕಾರ.

ಸ್ಟುಟ್‌ಗಾರ್ಟ್‌ನಲ್ಲಿ ಸಿಕ್ಕ ಬಾಡಿಗೆ ಮನೆಯಲ್ಲಿ ಸಿಂಕ್ ಕೂಡ ಇರಲಿಲ್ಲವೆಂದು ಬರೆದಿದ್ದೀರಿ. ಹೊಸದಾಗಿ ಜೋಡಿಸಿದ ಕ್ಯಾಬಿನೆಟ್‌ನೊಳಗೆ ಹಳೆಯ ಓವನ್ ಒಂದನ್ನು ಕೊಂಡು ತಾವೇ ಕೂರಿಸಬಹುದೇ ಎಂದೂ ಕೇಳಿದ್ದೀರಿ. ಇಲ್ಲಿ ಮನೆ ಬಿಡುವವರು ಅಡುಗೆಮನೆಯನ್ನೇ ಕಳಚಿಕೊಂಡು ಹೋಗುವುದು ವಾಡಿಕೆ, ಯಾರೂ ನಿಮಗೆ ಮೋಸ ಮಾಡಿಲ್ಲ. ಮರಗೆಲಸದ ಭಾಗವನ್ನು ನೀವೇ ಮಾಡಿಕೊಳ್ಳಬಹುದು. ವಿದ್ಯುತ್ತಿನ ಭಾಗ ಓವನ್ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಹಣ ಕೊಡುವ ಮೊದಲು ಅದರ ಹಿಂಬದಿಯನ್ನು ನೋಡಿ.

'ಐನ್‌ಬೌಹೆರ್ಡ್' ಎಂಬ ಬಗೆಯಲ್ಲಿ ಮೇಲಿನ ಒಲೆಯ ಗುಂಡಿಗಳೂ ಓವನ್ನಿನ ಮುಖದ ಮೇಲೆಯೇ ಇರುತ್ತವೆ. ಒಲೆಯ ತಂತಿಗಳು ಓವನ್ನಿಗೆ ಸೇರಿ, ಅಲ್ಲಿಂದ ದಪ್ಪ ಕೇಬಲ್ ಒಂದು ಗೋಡೆಯಲ್ಲಿರುವ 400 ವೋಲ್ಟ್‌ನ ಮೂರು ಫೇಸ್ ಸಂಪರ್ಕಕ್ಕೆ ಹೋಗುತ್ತದೆ. ಊರಿನಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿದ ಅನುಭವ ನಿಮಗಿದ್ದರೂ ಇದಕ್ಕೆ ಕೈ ಹಾಕಬೇಡಿ. ಪರಿಣತ ಎಲೆಕ್ಟ್ರಿಷಿಯನ್ನನ್ನೇ ಕರೆಸಿ. 'ಔಟಾರ್ಕ್' ಎನ್ನುವ, ಮೇಲಿನ ಒಲೆಗೆ ಜೋಡಣೆಯಿಲ್ಲದ ಸ್ವತಂತ್ರ ಓವನ್ನಿಗಾದರೆ ಸಾಮಾನ್ಯವಾಗಿ 230 ವೋಲ್ಟ್‌ನ ಪ್ಲಗ್ ಇರುತ್ತದೆ, ನಿಮಗೆ ಅದೇ ಸೂಕ್ತ. ಆದರೆ ಬೇರೆಯಾಗಿ ಹಾಕುವ ಇಂಡಕ್ಷನ್ ಒಲೆ 400 ವೋಲ್ಟ್‌ನ ಸಂಪರ್ಕವನ್ನು ಹಿಡಿದುಕೊಂಡ ಮೇಲೆ ಓವನ್ನಿಗೆ ಬೇರೆಯೇ ಸಾಕೆಟ್ ಬೇಕಾಗುತ್ತದೆ. ಅದು ಪಕ್ಕದ ಕ್ಯಾಬಿನೆಟ್‌ನಲ್ಲಿ, ಕೈಗೆಟಕುವಂತೆ ಇದ್ದರೆ ಒಳ್ಳೆಯದು. ಸುಮಾರು ಮೂರು ಕಿಲೋವಾಟ್ ಎಳೆಯುವ ಈ ಯಂತ್ರವನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವ ಯೋಚನೆಯೇ ಬೇಡ.

ಬೆಂಗಳೂರಿನ ಬಡಗಿ ಯಂತ್ರವನ್ನು ಅಳೆದು ಅದಕ್ಕೆ ತಕ್ಕಂತೆ ಪ್ಲೈವುಡ್ ಕತ್ತರಿಸಿದರೆ, ಇಲ್ಲಿ ಅಳತೆ ಮೊದಲೇ ನಿಗದಿಯಾಗಿರುತ್ತದೆ. ಹೊರಗಿನ ಅಗಲ 60 ಸೆಂಟಿಮೀಟರ್ ಇರುವ ಕ್ಯಾಬಿನೆಟ್‌ನ ಪಕ್ಕದ ಹಲಗೆಗಳು 16ರಿಂದ 19 ಮಿಲಿಮೀಟರ್ ದಪ್ಪವಿರುವುದರಿಂದ ಒಳಗೆ ಸುಮಾರು 56 ಸೆಂಟಿಮೀಟರ್ ಉಳಿಯುತ್ತದೆ. ಓವನ್ನಿನ ಒಡಲು ಅದರೊಳಗೆ ಕೂರುತ್ತದೆ, 59.5 ಸೆಂಟಿಮೀಟರ್ ಅಗಲದ ಮುಖ ಅಂಚುಗಳನ್ನು ಮುಚ್ಚುತ್ತದೆ. ಓವನ್ ಕೂರುವ ಗೂಡಿನ ಎತ್ತರ 59ರಿಂದ 60, ಆಳ ಕನಿಷ್ಠ 55 ಸೆಂಟಿಮೀಟರ್ ಇದೆಯೇ ನೋಡಿ, ಮುಂದೆಯೂ ಹಿಂದೆಯೂ ಅಳೆಯಿರಿ. ನಿಮ್ಮದು ಓವನ್ನಿಗೆಂದೇ ಮಾಡಿದ ಕ್ಯಾಬಿನೆಟ್ ಅಲ್ಲದಿದ್ದರೆ, ಆ ಗೂಡಿನ ಹಿಂದಿನ ಹಲಗೆಯನ್ನು ತೆಗೆಯಬೇಕು. ಬಿಸಿಗಾಳಿ ಹಿಂಬದಿಯಿಂದ ಹೊರಹೋಗಲೇಬೇಕು. ಸಂದುಗಳಲ್ಲಿ ಜಿರಲೆ ಸೇರೀತೆಂದು ಫೋಮ್ ತುರುಕಿದರೆ ಹಲಗೆಯ ಲ್ಯಾಮಿನೇಟ್ ಉಬ್ಬಿ ಏಳುತ್ತದೆ.

ಓವನ್ನಿನ ತೂಕ 30 ಕಿಲೋ ದಾಟುವುದು ಸಾಮಾನ್ಯವಾದ್ದರಿಂದ ಇಬ್ಬರು ಬೇಕು. ಟ್ರೇಗಳನ್ನು ಹೊರತೆಗೆದು, ಕೀಲುಗಳ ಚಿಲಕ ತಿರುಗಿಸಿ ಬಾಗಿಲನ್ನೂ ಕಳಚಿದರೆ ಎತ್ತುವುದು ಸುಲಭ. ಬಾಗಿಲಿನ ಹಿಡಿಯನ್ನು ಹಿಡಿದಂತೂ ಎತ್ತಬೇಡಿ. ಅರ್ಧ ತಳ್ಳಿದಾಗ ನಿಂತು, ವಯರು ಹಿಂದೆ ಸಿಕ್ಕಿಕೊಂಡಿಲ್ಲವೆಂದು ಟಾರ್ಚ್ ಬಿಟ್ಟು ನೋಡಿ. ಪೂರ್ತಿ ಕೂರಿಸಿದ ಮೇಲೆ ಒಳಗಿನ ಜಾಲರಿಯ ಮೇಲೆ ರಸಮಟ್ಟ ಇಟ್ಟು ಪರೀಕ್ಷಿಸಿ, ಇಲ್ಲದಿದ್ದರೆ ಕೇಕ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗುತ್ತದೆ. ಚೌಕಟ್ಟಿನ ಪಕ್ಕದ ರಂಧ್ರಗಳ ಮೂಲಕ ಕ್ಯಾಬಿನೆಟ್‌ಗೆ ಸ್ಕ್ರೂ ಹಾಕುವುದನ್ನು ಅನೇಕರು ಬಿಟ್ಟುಬಿಡುತ್ತಾರೆ. ಸ್ಕ್ರೂ ಇಲ್ಲದ ಓವನ್, ತೆರೆದ ಬಾಗಿಲ ಮೇಲೆ ಭಾರ ಬಿದ್ದಾಗ ಮುಂದಕ್ಕೆ ವಾಲಬಹುದು. ಪಾರ್ಟಿಕಲ್ ಬೋರ್ಡ್ ಸೀಳದಿರಲು ಮೊದಲು ಸಣ್ಣ ತೂತು ಕೊರೆಯಿರಿ.

ಹಳೆಯ ಓವನ್ನಾದ್ದರಿಂದ ಮೊದಲ ಸಲ ಕಿಟಕಿ ತೆರೆದಿಟ್ಟು, ಖಾಲಿಯಾಗಿಯೇ ಒಂದು ಗಂಟೆ ಜೋರಾಗಿ ಕಾಯಿಸಿ. ಅಷ್ಟು ಹೊತ್ತಿನ ನಂತರ ಪಕ್ಕದ ಹಲಗೆಗಳನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಹಿಂದಿನ ಗಾಳಿದಾರಿ ಎಲ್ಲೋ ಮುಚ್ಚಿದೆ ಎಂದರ್ಥ, ಓವನ್ ಆರಿದ ಮೇಲೆ ಹೊರಗೆಳೆದು ಅದನ್ನು ಸರಿಪಡಿಸಿ.